ಅಭಿಪ್ರಾಯ ಪತ್ರ ತುಂಬಿಕೊಟ್ಟ ಮೇಲೆ ಅದು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಸ್ನಾತಕೋತ್ತರ ವಿದ್ಯಾರ್ಥಿನಿ, ಮೂರನೆಯ ಸೆಮಿಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೇನೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನನ್ನ ಪ್ರಶ್ನೆ ಒಂದು ಸಂಸ್ಥೆಯನ್ನು ದೂರುವುದಕ್ಕಾಗಿ ಅಲ್ಲ. ಪ್ರತಿ ಸೆಮಿಸ್ಟರ್ ಮುಗಿಯುವ ಹೊತ್ತಿಗೆ, ಪರೀಕ್ಷೆಯ ಪ್ರವೇಶ ಪತ್ರ ಕೈಗೆ ಬರುವ ಮೊದಲು, ನಮ್ಮಿಂದ ಅಭಿಪ್ರಾಯ ಪತ್ರ ತುಂಬಿಸಿಕೊಳ್ಳುತ್ತಾರೆ. ಅದರಲ್ಲಿ ಒಂದರಿಂದ ಐದರವರೆಗೆ ಅಂಕ ಕೊಡಬೇಕಾದ ಪ್ರಶ್ನೆಗಳಿರುತ್ತವೆ; ಕೊನೆಯಲ್ಲಿ ನಮ್ಮ ಸಲಹೆಗಳನ್ನು ಬರೆಯಲು ನಾಲ್ಕು ಗೆರೆಗಳ ಜಾಗವಿರುತ್ತದೆ.

ಎರಡು ಸಲವೂ ನಾನು ಆ ನಾಲ್ಕು ಗೆರೆಗಳಲ್ಲಿ ಮೂರು ಸಂಗತಿಗಳನ್ನು ಬರೆದೆ. ನಮ್ಮ ತರಗತಿ ಮುಗಿಯುವುದು ನಾಲ್ಕೂವರೆಗೆ, ಗ್ರಂಥಾಲಯದ ಬಾಗಿಲು ಮುಚ್ಚುವುದು ಆರಕ್ಕೆ. ಪುಸ್ತಕ ಹುಡುಕಿ ಕುಳಿತುಕೊಳ್ಳುವಷ್ಟರಲ್ಲಿ ಸಿಬ್ಬಂದಿ ಕಿಟಕಿ ಹಾಕಲು ಬರುತ್ತಾರೆ. ಮಹಿಳಾ ವಿದ್ಯಾರ್ಥಿನಿಲಯದ ಮೂರನೆಯ ಮಹಡಿಗೆ ಬೆಳಿಗ್ಗೆ ನೀರು ಏರುವುದಿಲ್ಲವಾದ್ದರಿಂದ ಎಲ್ಲರೂ ಬಕೆಟ್ ಹಿಡಿದು ಕೆಳಗಿಳಿಯಬೇಕು. ಹಳ್ಳಿಗಳಿಂದ ಬಂದು ಹೋಗುವ ಗೆಳತಿಯರಿಗೆ ಸಂಜೆಯ ಬಸ್ಸು ಒಂದೇ. ಅದು ತುಂಬಿದ್ದರೆ ನಿಲ್ಲುವುದೇ ಇಲ್ಲ. ಒಂದು ವರ್ಷ ಕಳೆದರೂ ಇವುಗಳಲ್ಲಿ ಒಂದೂ ಬದಲಾಗಿಲ್ಲ. ಬದಲಾಗದಿರುವುದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು, ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಯಾರೂ ಒಂದು ಸಾಲನ್ನೂ ತಿಳಿಸಿಲ್ಲ ಎಂಬುದು.

ನಾವು ಬರೆದುಕೊಟ್ಟದ್ದನ್ನು ಓದುವವರು ಯಾರು? ಅದಕ್ಕೆ ಉತ್ತರ ಕೊಡಲೇಬೇಕು ಎಂಬ ನಿಯಮವೇನಾದರೂ ಇದೆಯೇ? ವಿದ್ಯಾರ್ಥಿಗಳ ಮಾತಿನಿಂದ ಕ್ಯಾಂಪಸ್ಸಿನಲ್ಲಿ ನಿಜವಾಗಿ ಏನಾದರೂ ಬದಲಾದದ್ದನ್ನು ನಿಮ್ಮಲ್ಲಿ ಯಾರಾದರೂ ಕಂಡಿದ್ದರೆ, ಅದು ಹೇಗಾಯಿತು ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ. ಇನ್ನೊಂದು ವರ್ಷದಲ್ಲಿ ನಾನು ಇಲ್ಲಿಂದ ಹೊರಡುತ್ತೇನೆ. ಅಷ್ಟರೊಳಗೆ ಇವುಗಳಲ್ಲಿ ಒಂದಾದರೂ ಸರಿಹೋಗಬೇಕೆಂಬುದು ನನ್ನ ಆಸೆ.

ಉತ್ತರ 1: ನಿವೃತ್ತ ಅಧ್ಯಾಪಕ

ನಾನು ಮೂವತ್ತೊಂದು ವರ್ಷ ಪಾಠ ಮಾಡಿ ನಿವೃತ್ತನಾದವನು. ಕೊನೆಯ ಆರು ವರ್ಷ ಆಂತರಿಕ ಗುಣಮಟ್ಟ ಖಾತರಿ ಕೋಶದ, ಅಂದರೆ ಎಲ್ಲರೂ ಐಕ್ಯೂಎಸಿ ಎಂದು ಕರೆಯುವ ವಿಭಾಗದ, ಸಂಚಾಲಕನಾಗಿದ್ದೆ. ನಿಮ್ಮಂಥ ವಿದ್ಯಾರ್ಥಿಗಳ ಅಭಿಪ್ರಾಯ ಪತ್ರಗಳು ಬಂದು ಸೇರುತ್ತಿದ್ದುದು ನನ್ನ ಮೇಜಿಗೇ. ಆದ್ದರಿಂದ ಮೊದಲ ಉತ್ತರವನ್ನು ನಾನೇ ಕೊಡಬೇಕು ಅನ್ನಿಸಿತು.

ಈ ಪತ್ರವನ್ನು ವಿಶ್ವವಿದ್ಯಾಲಯ ತುಂಬಿಸಿಕೊಳ್ಳುವುದು ಏಕೆ ಎಂಬುದನ್ನು ತಿಳಿದರೆ ಅರ್ಧ ಉತ್ತರ ಸಿಕ್ಕಂತೆ. 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿಯೇ ಕೇಂದ್ರ ಕಚೇರಿ ಹೊಂದಿರುವ, ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಮೌಲ್ಯಾಂಕನ ಮಾಡುವಾಗ, ಏಳು ಮಾನದಂಡಗಳಲ್ಲಿ ಮೊದಲನೆಯದರ ಒಳಗೆ ಅಭಿಪ್ರಾಯ ಸಂಗ್ರಹಕ್ಕೆಂದೇ ಒಂದು ಭಾಗವನ್ನು ಇಟ್ಟಿತ್ತು. ಅದರಲ್ಲಿ ಐದು ಮೆಟ್ಟಿಲುಗಳು. ಅಭಿಪ್ರಾಯ ಸಂಗ್ರಹಿಸಿಯೇ ಇಲ್ಲ ಎಂಬುದು ಕೆಳಗಿನದು. ಸಂಗ್ರಹಿಸಿದ್ದೇವೆ ಎಂಬುದು ಅದರ ಮೇಲಿನದು. ಸಂಗ್ರಹಿಸಿ ವಿಶ್ಲೇಷಿಸಿದ್ದೇವೆ ಎಂಬುದು ಇನ್ನೂ ಮೇಲಿನದು. ವಿಶ್ಲೇಷಿಸಿ, ಕ್ರಮ ಕೈಗೊಂಡು, ಸಂಬಂಧಪಟ್ಟ ಪ್ರಾಧಿಕಾರಗಳಿಗೆ ತಿಳಿಸಿದ್ದೇವೆ ಎಂಬುದು ನಾಲ್ಕನೆಯದು. ಇಷ್ಟನ್ನೂ ಮಾಡಿ ಜಾಲತಾಣದಲ್ಲಿ ಪ್ರಕಟಿಸಿದ್ದೇವೆ ಎಂಬುದು ಮೇಲಿನ ತುದಿ. ನಿಮ್ಮ ವಿಶ್ವವಿದ್ಯಾಲಯ ನ್ಯಾಕ್‌ಗೆ ಸಲ್ಲಿಸಿದ ತನ್ನ ಸ್ವ-ಅಧ್ಯಯನ ವರದಿಯಲ್ಲಿ ಯಾವ ಮೆಟ್ಟಿಲಿನ ಮೇಲೆ ನಿಂತಿದ್ದೇನೆಂದು ಹೇಳಿಕೊಂಡಿದೆ ಎಂಬುದನ್ನು ನೀವೇ ಅದರ ಜಾಲತಾಣದಲ್ಲಿ ನೋಡಬಹುದು. ಕೊನೆಯ ಮೆಟ್ಟಿಲು ಎಂದಿದ್ದರೆ, ಕೈಗೊಂಡ ಕ್ರಮದ ವರದಿಯೂ ಅಲ್ಲಿಯೇ ಇರಬೇಕು. ಇಲ್ಲದಿದ್ದರೆ ಅದನ್ನು ಕೇಳುವ ಹಕ್ಕು ನಿಮಗಿದೆ.

ಆದರೆ ಇಲ್ಲೊಂದು ತೊಡಕಿದೆ. ಆ ಪತ್ರದ ಪ್ರಶ್ನೆಗಳಲ್ಲಿ ಹೆಚ್ಚಿನವು ಪಠ್ಯಕ್ರಮ ಮತ್ತು ಬೋಧನೆಗೆ ಸಂಬಂಧಿಸಿದವು. ನ್ಯಾಕ್ ನೇರವಾಗಿ ವಿದ್ಯಾರ್ಥಿಗಳಿಗೆ ಕಳುಹಿಸುತ್ತಿದ್ದ ತೃಪ್ತಿ ಸಮೀಕ್ಷೆಯೂ ಅಂಥದ್ದೇ: ಪಠ್ಯದಲ್ಲಿ ಎಷ್ಟು ಭಾಗ ಮುಗಿಯಿತು, ಅಧ್ಯಾಪಕರು ಎಷ್ಟು ಸಿದ್ಧರಾಗಿ ಬರುತ್ತಾರೆ ಎಂಬಂಥ ಇಪ್ಪತ್ತು ಪ್ರಶ್ನೆಗಳು, ಕೊನೆಯದಾಗಿ ಕಲಿಕೆ ಸುಧಾರಿಸಲು ಮೂರು ಸಲಹೆಗಳನ್ನು ಬರೆಯಲು ಒಂದು ಜಾಗ. ವಿದ್ಯಾರ್ಥಿನಿಲಯದ ನೀರು, ಸಂಜೆಯ ಬಸ್ಸು, ಶೌಚಾಲಯದ ಬಾಗಿಲು ಇವು ಯಾವ ಪ್ರಶ್ನೆಯೊಳಗೂ ಬರುವುದಿಲ್ಲ. ಅಂಕಗಳನ್ನು ಕೂಡಿ ಸರಾಸರಿ ತೆಗೆದು ನಕ್ಷೆ ಬಿಡಿಸುವುದು ನಮಗೆ ಸುಲಭವಾಗಿತ್ತು. ಕೈಬರಹದ ನಾಲ್ಕು ಗೆರೆಗಳ ಸರಾಸರಿ ತೆಗೆಯಲು ಬರುವುದಿಲ್ಲ, ಆದ್ದರಿಂದ ಅವು ವರದಿಯ ಒಳಗೆ ಬರಲೇ ಇಲ್ಲ. ಇದು ನನ್ನ ಕಾಲದಲ್ಲಿ ನಡೆದ ತಪ್ಪು, ಅದರಲ್ಲಿ ನನ್ನ ಪಾಲೂ ಇದೆ.

ಒಂದು ಬೇಸಿಗೆ ರಜೆಯಲ್ಲಿ ನಾನು ಹಿಂದಿನ ಎರಡು ವರ್ಷಗಳ ಎಲ್ಲ ಪತ್ರಗಳ ಕೊನೆಯ ಗೆರೆಗಳನ್ನಷ್ಟೇ ಓದುತ್ತ ಕುಳಿತೆ. ಒಂದು ವಿಭಾಗದ ಹೆಣ್ಣುಮಕ್ಕಳು ಸತತವಾಗಿ ನಾಲ್ಕು ಸೆಮಿಸ್ಟರ್ ಒಂದೇ ಮಾತು ಬರೆದಿದ್ದರು: ತಮ್ಮ ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲ. ಎರಡು ವರ್ಷ ಅವರು ಒಬ್ಬಳನ್ನು ಹೊರಗೆ ಕಾವಲಿಗೆ ನಿಲ್ಲಿಸಿ ಒಳಗೆ ಹೋಗುತ್ತಿದ್ದರು. ಅದೇ ವಿಭಾಗದ ವಿದ್ಯಾರ್ಥಿ ತೃಪ್ತಿಯ ಸರಾಸರಿಯನ್ನು ನಾನು ಐದಕ್ಕೆ ನಾಲ್ಕರ ಮೇಲೆ ತೋರಿಸಿ ಸಹಿ ಹಾಕಿದ್ದೆ. ಮರುದಿನ ಬಡಗಿಯನ್ನು ಕರೆಸಿದೆವು. ಒಂದು ಗಂಟೆಯ ಕೆಲಸ, ಕೆಲವು ನೂರು ರೂಪಾಯಿ. ಆ ಚಿಲಕ ನನಗೆ ಇಂದಿಗೂ ಮರೆತಿಲ್ಲ.

ಇನ್ನು ನಿಯಮದ ಪ್ರಶ್ನೆ. ಅಭಿಪ್ರಾಯ ಪತ್ರಕ್ಕೆ ಒಬ್ಬೊಬ್ಬರಿಗೂ ಉತ್ತರ ಕೊಡಬೇಕೆಂಬ ಕಟ್ಟಳೆ ಇಲ್ಲ. ದೂರಿಗೆ ಇದೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2023ರ ಏಪ್ರಿಲ್‌ನಲ್ಲಿ ಹೊರಡಿಸಿದ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ನಿಯಮಾವಳಿಯ ಪ್ರಕಾರ ಪ್ರತಿ ಸಂಸ್ಥೆಯಲ್ಲಿಯೂ ಒಂದು ಸಮಿತಿ ಇರಬೇಕು. ಪ್ರಾಧ್ಯಾಪಕರೊಬ್ಬರು ಅದರ ಅಧ್ಯಕ್ಷರು, ನಾಲ್ವರು ಹಿರಿಯ ಅಧ್ಯಾಪಕರು ಸದಸ್ಯರು, ವಿದ್ಯಾರ್ಥಿ ಪ್ರತಿನಿಧಿಯೊಬ್ಬರು ವಿಶೇಷ ಆಹ್ವಾನಿತರು. ಇವರಲ್ಲಿ ಕನಿಷ್ಠ ಒಬ್ಬರು ಮಹಿಳೆಯಾಗಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಅಥವಾ ಹಿಂದುಳಿದ ವರ್ಗಕ್ಕೆ ಸೇರಿದವರೂ ಒಬ್ಬರಿರಬೇಕು. ದೂರು ಬಂದ 15 ಕೆಲಸದ ದಿನಗಳೊಳಗೆ ಸಮಿತಿ ಶಿಫಾರಸಿನೊಂದಿಗೆ ವರದಿ ಕೊಡಬೇಕು, ಅದರ ಪ್ರತಿ ದೂರುದಾರರಿಗೂ ಸಿಗಬೇಕು. ತೃಪ್ತಿಯಾಗದಿದ್ದರೆ 15 ದಿನಗಳೊಳಗೆ ಮೇಲ್ಮನವಿ ಕೇಳುವ ಅಧಿಕಾರಿಯಾದ ಒಂಬುಡ್ಸ್‌ಪರ್ಸನ್ ಬಳಿಗೆ ಹೋಗಬಹುದು. ಅವರು 30 ದಿನಗಳಲ್ಲಿ ಇತ್ಯರ್ಥಪಡಿಸಬೇಕು. ಕುಂದುಕೊರತೆ ಎಂದರೆ ಏನೇನು ಎಂಬ ಪಟ್ಟಿಯಲ್ಲಿ, ವಿವರಣಾ ಪುಸ್ತಿಕೆಯಲ್ಲಿ ಹೇಳಿದ ಸೌಲಭ್ಯವನ್ನು ಒದಗಿಸದಿರುವುದೂ ಸೇರಿದೆ. ಹಾಗಾಗಿ ನೀವು ಪ್ರವೇಶ ಪಡೆದ ವರ್ಷದ ವಿವರಣಾ ಪುಸ್ತಿಕೆಯನ್ನು ಹುಡುಕಿ ತೆಗೆಯಿರಿ. ಗ್ರಂಥಾಲಯದ ವೇಳೆಯ ಬಗ್ಗೆ, ವಿದ್ಯಾರ್ಥಿನಿಲಯದ ನೀರಿನ ಬಗ್ಗೆ ಅದರಲ್ಲಿ ಏನು ಅಚ್ಚಾಗಿದೆ ಎಂಬುದನ್ನು ಮೊದಲು ನೋಡಿ.

ಉತ್ತರ 2: ವಿಶ್ವವಿದ್ಯಾಲಯವೊಂದರ ಕಚೇರಿ ಅಧೀಕ್ಷಕ

ಮೇಲಿನ ಹಿರಿಯರು ಶೈಕ್ಷಣಿಕ ಬದಿಯಿಂದ ಹೇಳಿದ್ದಾರೆ. ನಾನು ಕಡತದ ಬದಿಯಿಂದ ನಾಲ್ಕು ಮಾತು ಸೇರಿಸುತ್ತೇನೆ, ಏಕೆಂದರೆ ಬೇಡಿಕೆ ಕೊನೆಗೆ ಬಂದು ನಿಲ್ಲುವುದು ಅಥವಾ ಮುಂದೆ ಹೋಗುವುದು ನಮ್ಮ ಟಪಾಲು ಶಾಖೆಯಲ್ಲಿ.

ಅಭಿಪ್ರಾಯ ಪತ್ರಕ್ಕೆ ಆವಕ ಸಂಖ್ಯೆ, ಅಂದರೆ ಕಚೇರಿಗೆ ಬಂದ ಕಾಗದವನ್ನು ದಾಖಲಿಸುವ ಸಂಖ್ಯೆ, ಬೀಳುವುದಿಲ್ಲ. ಸಹಿ ಇರುವ ಪತ್ರಕ್ಕೆ ಬೀಳುತ್ತದೆ. ಆವಕ ಸಂಖ್ಯೆ ಬಿದ್ದ ಪತ್ರ ಒಬ್ಬ ವಿಷಯ ನಿರ್ವಾಹಕನ ಹೆಸರಿಗೆ ಹೋಗುತ್ತದೆ, ಆತ ಅದರ ಮೇಲೆ ಟಿಪ್ಪಣಿ ಬರೆದು ಮಂಡಿಸಲೇಬೇಕು. ಬರೆಯದಿದ್ದರೆ ಬಾಕಿ ಪಟ್ಟಿಯಲ್ಲಿ ಅದು ಪ್ರತಿ ತಿಂಗಳೂ ಕಾಣಿಸಿಕೊಳ್ಳುತ್ತದೆ. ನಮ್ಮ ಕಚೇರಿಗಳು ನಿಧಾನ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಸಂಖ್ಯೆ ಬಿದ್ದ ಕಾಗದಕ್ಕೂ ಬೀಳದ ಕಾಗದಕ್ಕೂ ಇರುವ ಅಂತರ ಬಹಳ ದೊಡ್ಡದು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದೇ ಮನವಿಯಲ್ಲಿ ಹದಿನೈದು ಬೇಡಿಕೆ ಬರೆದು ಕುಲಪತಿಗಳ ಕೈಗೆ ಕೊಡುತ್ತಾರೆ, ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಆ ಮನವಿಯನ್ನು ಎಂಜಿನಿಯರಿಂಗ್ ವಿಭಾಗಕ್ಕೆ ಕಳುಹಿಸುವುದೋ, ಪರೀಕ್ಷಾಂಗಕ್ಕೆ ಕಳುಹಿಸುವುದೋ, ಗ್ರಂಥಪಾಲಕರಿಗೆ ಕಳುಹಿಸುವುದೋ ತಿಳಿಯದೆ ಅದು ಎಲ್ಲರ ಅವಗಾಹನೆಗೆ ಎಂದು ಸುತ್ತಿ ಕೊನೆಗೆ ಯಾರದೂ ಆಗುವುದಿಲ್ಲ. ಒಂದು ಪತ್ರಕ್ಕೆ ಒಂದೇ ವಿಷಯ ಇರಲಿ.

ನಿಮ್ಮ ಮೂರು ಸಂಗತಿಗಳು ಒಂದೇ ಜಾತಿಯವಲ್ಲ. ಗ್ರಂಥಾಲಯದ ವೇಳೆಯನ್ನು ವಿಶ್ವವಿದ್ಯಾಲಯವೇ ನಿರ್ಧರಿಸಬಲ್ಲದು. ಬೇಕಾಗುವುದು ಸಂಜೆಯ ಪಾಳಿಗೆ ಇಬ್ಬರು ಸಿಬ್ಬಂದಿ ಮತ್ತು ಒಬ್ಬ ಕಾವಲುಗಾರ. ಕಾಯಂ ಹುದ್ದೆಗಳು ಖಾಲಿ ಬಿದ್ದಿರುವ ಕಡೆ ಗ್ರಂಥಪಾಲಕರು ಹಿಂಜರಿಯುವುದು ಸೋಮಾರಿತನದಿಂದಲ್ಲ, ಪುಸ್ತಕ ಕಳೆದರೆ ತಾವು ಉತ್ತರ ಹೇಳಬೇಕಾಗುತ್ತದೆ ಎಂಬ ಭಯದಿಂದ. ಪೂರ್ತಿ ಗ್ರಂಥಾಲಯ ತೆರೆಯಿರಿ ಎನ್ನುವ ಬದಲು, ಪುಸ್ತಕ ಎರವಲು ಕೊಡದೆ ವಾಚನಾಲಯದ ಕೊಠಡಿಯನ್ನು ಮಾತ್ರ ರಾತ್ರಿ ಒಂಬತ್ತರವರೆಗೆ ತೆರೆಯಿರಿ ಎಂದು ಕೇಳಿದರೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು.

ನೀರಿನದು ಹಣದ ವಿಷಯ. ಮೂರನೆಯ ಮಹಡಿಗೆ ನೀರು ಏರದಿರುವುದಕ್ಕೆ ಪಂಪು ಸಾಲದಿರಬಹುದು, ತೊಟ್ಟಿಯ ಎತ್ತರ ಸಾಲದಿರಬಹುದು, ಕೊಳವೆಯಲ್ಲಿ ಗಸಿ ಕಟ್ಟಿರಬಹುದು, ಅಥವಾ ಬೆಳಿಗ್ಗೆ ಆರಕ್ಕೆ ಪಂಪು ಹಾಕುವ ನೌಕರನೇ ಇಲ್ಲದಿರಬಹುದು. ಮೊದಲು ಎಂಜಿನಿಯರಿಂದ ಸ್ಥಳ ಪರಿಶೀಲನೆ ಮಾಡಿಸಿ ಅಂದಾಜು ಪಟ್ಟಿ ತಯಾರಿಸಲು ಕೇಳಿ. ಸಣ್ಣ ದುರಸ್ತಿಯಾದರೆ ವಾರದಲ್ಲಿ ಮುಗಿಯುತ್ತದೆ. ದೊಡ್ಡ ಮೊತ್ತವಾದರೆ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದಂತೆ ಟೆಂಡರ್ ಕರೆಯಬೇಕು, ಹಣಕಾಸು ಸಮಿತಿಯ ಮುಂದೆ ಹೋಗಬೇಕು. ಆಯವ್ಯಯ ಸಿದ್ಧವಾಗುವುದು ಮಾರ್ಚ್ ತಿಂಗಳಿಗೆ ಮುಂಚೆ. ಜೂನ್‌ನಲ್ಲಿ ಬಂದ ಬೇಡಿಕೆಗೆ ಹಣವಿಲ್ಲ ಎಂಬ ಉತ್ತರ ಬಂದರೆ ಅದು ಸುಳ್ಳಲ್ಲ. ಅದೇ ಬೇಡಿಕೆ ಡಿಸೆಂಬರ್‌ನಲ್ಲಿ ಬಂದಿದ್ದರೆ ಒಂದು ಲೆಕ್ಕ ಶೀರ್ಷಿಕೆಯಡಿ ಸೇರಬಹುದಿತ್ತು. ಇದನ್ನು ವಿದ್ಯಾರ್ಥಿಗಳಿಗೆ ಯಾರೂ ಹೇಳಿಕೊಡುವುದಿಲ್ಲ. ಇನ್ನೊಂದು ಸಂಗತಿ: ಆ ವಿದ್ಯಾರ್ಥಿನಿಲಯ ನಿಮ್ಮ ವಿಶ್ವವಿದ್ಯಾಲಯದ್ದೇ ಹೌದೇ? ಆವರಣದ ಒಳಗೆ ಅಥವಾ ಪಕ್ಕದಲ್ಲಿರುವ ಎಷ್ಟೋ ನಿಲಯಗಳು ಸಮಾಜ ಕಲ್ಯಾಣ ಇಲಾಖೆಗೋ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗೋ ಸೇರಿರುತ್ತವೆ. ಹಾಗಿದ್ದರೆ ಕುಲಸಚಿವರಿಗೆ ಬರೆದ ಪತ್ರದಿಂದ ಪ್ರಯೋಜನವಿಲ್ಲ, ಜಿಲ್ಲಾ ಅಧಿಕಾರಿಗೆ ಬರೆಯಬೇಕು.

ಬಸ್ಸು ವಿಶ್ವವಿದ್ಯಾಲಯದ ಕೈಯಲ್ಲಿಲ್ಲ. ಅದು ಸಾರಿಗೆ ನಿಗಮದ ಘಟಕ ವ್ಯವಸ್ಥಾಪಕರ ಮತ್ತು ವಿಭಾಗೀಯ ನಿಯಂತ್ರಣಾಧಿಕಾರಿಗಳ ನಿರ್ಧಾರ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಣ್ಣುಮಕ್ಕಳಿಗೆ ಪ್ರಯಾಣದ ಖರ್ಚು ಉಳಿಯಿತು, ಅದು ದೊಡ್ಡ ಅನುಕೂಲವೇ. ಜೊತೆಗೆ ಸಂಜೆಯ ಬಸ್ಸಿನ ಮೇಲೆ ಒತ್ತಡವೂ ಏರಿದೆ. ಕುಲಸಚಿವರ ಮೂಲಕ ಹೋಗುವ ಪತ್ರದಲ್ಲಿ ಯಾವ ಊರಿನ ಕಡೆಗೆ, ಎಷ್ಟು ಗಂಟೆಗೆ, ಎಷ್ಟು ಮಂದಿ ಎಂಬ ಲೆಕ್ಕವಿದ್ದರೆ ಘಟಕದವರು ವೇಳಾಪಟ್ಟಿ ಬದಲಿಸುವುದನ್ನು ನಾನು ಕಂಡಿದ್ದೇನೆ.

ಉತ್ತರ 3: ಬ್ರಿಟನ್ನಿನಲ್ಲಿ ಓದಿದ ಮೈಸೂರಿನವಳು

ನಾನು ಮೈಸೂರಿನಲ್ಲಿ ಪದವಿ ಮುಗಿಸಿ ಇಂಗ್ಲೆಂಡಿನಲ್ಲಿ ಸ್ನಾತಕೋತ್ತರ ಓದಿದವಳು. ಅಲ್ಲಿ 2005ರಿಂದ ಪ್ರತಿ ವರ್ಷ ಪದವಿಯ ಕೊನೆಯ ವರ್ಷದವರಿಗೆ ರಾಷ್ಟ್ರೀಯ ವಿದ್ಯಾರ್ಥಿ ಸಮೀಕ್ಷೆ ನಡೆಯುತ್ತದೆ. ಫಲಿತಾಂಶವನ್ನು ವಿಶ್ವವಿದ್ಯಾಲಯವಾರು ಮಾತ್ರವಲ್ಲ, ಕೋರ್ಸುವಾರು ಎಲ್ಲರೂ ನೋಡುವಂತೆ ಪ್ರಕಟಿಸುತ್ತಾರೆ. ಒಂದು ಕೋರ್ಸಿನ ಅಂಕಿಗಳು ಪ್ರಕಟವಾಗಬೇಕಾದರೆ ಕನಿಷ್ಠ ಹತ್ತು ಮಂದಿ, ಹಾಗೂ ಆ ಕೋರ್ಸಿನ ಅರ್ಧದಷ್ಟು ವಿದ್ಯಾರ್ಥಿಗಳು ಉತ್ತರಿಸಿರಬೇಕು. ಸೇರುವ ಮುಂಚೆ ಅದನ್ನು ಓದುವವರಿರುವುದರಿಂದ ಆಡಳಿತದವರು ಅದಕ್ಕೆ ಹೆದರುತ್ತಾರೆ.

ಹೆದರಿಕೆಯಿಂದ ಆಗುವ ಕೆಲಸಕ್ಕೆ ಅದರದೇ ಕೆಡಕೂ ಇದೆ. ಅಂಕಿ ಏರಿಸುವುದೇ ಗುರಿಯಾದಾಗ, ಸಮೀಕ್ಷೆಯ ತಿಂಗಳುಗಳಲ್ಲಿ ಮಾತ್ರ ಎಲ್ಲರ ಮುಖದಲ್ಲಿ ಹೆಚ್ಚಿನ ನಗು ಕಾಣುತ್ತದೆ. ಸಮೀಕ್ಷೆಯ ಅಂಕಗಳನ್ನು ಸರ್ಕಾರದ ಬೋಧನಾ ಶ್ರೇಣಿಗೂ, ಅದರ ಮೂಲಕ ಶುಲ್ಕ ಏರಿಕೆಗೂ ಜೋಡಿಸುವ ಯೋಜನೆಯನ್ನು ವಿರೋಧಿಸಿ 2017ರಲ್ಲಿ ಅಲ್ಲಿನ ವಿದ್ಯಾರ್ಥಿ ಒಕ್ಕೂಟವೇ ಸಮೀಕ್ಷೆಯ ಬಹಿಷ್ಕಾರಕ್ಕೆ ಕರೆ ಕೊಟ್ಟಿತ್ತು.

ನನಗೆ ಮೆಚ್ಚುಗೆಯಾದದ್ದು ಸಮೀಕ್ಷೆಯಲ್ಲ. ಆ ಪ್ರಶ್ನಾವಳಿಯಲ್ಲಿರುವ ಒಂದು ಪ್ರಶ್ನೆ: ವಿದ್ಯಾರ್ಥಿಗಳ ಅಭಿಪ್ರಾಯದ ಮೇಲೆ ಕ್ರಮ ಕೈಗೊಂಡಿರುವುದು ನಿಮಗೆ ಎಷ್ಟು ಸ್ಪಷ್ಟವಾಗಿ ತಿಳಿದಿದೆ? ಅಂದರೆ ಕೆಲಸ ಮಾಡಿದರಷ್ಟೇ ಸಾಲದು, ಮಾಡಿದ್ದು ಕೇಳಿದವರಿಗೆ ಗೊತ್ತಾಗಬೇಕು. ಇದರಿಂದಾಗಿ ನಮ್ಮ ವಿಭಾಗದ ಗೋಡೆಯ ಮೇಲೆ ಪ್ರತಿ ಅವಧಿಗೂ ಒಂದು ಹಾಳೆ ಅಂಟಿಸುತ್ತಿದ್ದರು. ಎಡಗಡೆ ನೀವು ಹೇಳಿದ್ದು, ಬಲಗಡೆ ನಾವು ಮಾಡಿದ್ದು. ಎರಡು ಪ್ರಬಂಧಗಳ ಗಡುವು ಒಂದೇ ವಾರದಲ್ಲಿ ಬರುತ್ತಿದೆ ಎಂದು ನಾವು ಹೇಳಿದ್ದೆವು. ಮುಂದಿನ ಅವಧಿಯಿಂದ ಒಂದನ್ನು ಹತ್ತು ದಿನ ಮುಂದೂಡಿದ್ದೇವೆ ಎಂದು ಅಲ್ಲಿತ್ತು. ಪ್ರಯೋಗಾಲಯವನ್ನು ಭಾನುವಾರವೂ ತೆರೆಯಬೇಕೆಂದು ಕೇಳಿದ್ದೆವು; ಸುರಕ್ಷತಾ ಸಿಬ್ಬಂದಿ ಇಲ್ಲದ್ದರಿಂದ ಸಾಧ್ಯವಿಲ್ಲ ಎಂದು ಅದರ ಮುಂದೆ ಬರೆದಿತ್ತು. ಆ ‘ಸಾಧ್ಯವಿಲ್ಲ’ ಎಂಬ ಪದ ನನಗೆ ಬೇಸರ ತರಲಿಲ್ಲ. ನಾನು ಕೇಳಿದ್ದನ್ನು ಯಾರೋ ಓದಿ, ಯೋಚಿಸಿ, ಕಾರಣ ಹೇಳಿದ್ದಾರೆ ಎಂಬುದು ಅದರಲ್ಲಿ ಕಾಣುತ್ತಿತ್ತು. ನೀವು ಕೇಳುತ್ತಿರುವುದೂ ಅದನ್ನೇ ಅಲ್ಲವೇ?

ಇದಕ್ಕೆ ಕೋಟಿ ರೂಪಾಯಿ ಬೇಕಿಲ್ಲ. ಒಂದು ಹಾಳೆ, ಒಂದು ಸೂಚನಾ ಫಲಕ ಸಾಕು. ನಿಮ್ಮ ವಿಭಾಗದ ಮುಖ್ಯಸ್ಥರು ಮನಸ್ಸು ಮಾಡಿದರೆ ಮುಂದಿನ ತಿಂಗಳೇ ಆರಂಭಿಸಬಹುದು.

ಉತ್ತರ 4: ಬೆಂಗಳೂರಿನ ಸಂಶೋಧನಾ ವಿದ್ಯಾರ್ಥಿ

ಹಾಳೆ, ಫಲಕ, ಆವಕ ಸಂಖ್ಯೆ ಎಲ್ಲವೂ ಸರಿ. ಆದರೆ ಇಲ್ಲಿಯವರೆಗೆ ಬರೆದ ಮೂವರೂ ಒಂದು ಪ್ರಶ್ನೆಯನ್ನು ಮುಟ್ಟಲಿಲ್ಲ: ವಿದ್ಯಾರ್ಥಿಗಳ ಪರವಾಗಿ ನಿರ್ಧಾರದ ಮೇಜಿನಲ್ಲಿ ಕುಳಿತು ಮಾತನಾಡುವವರು ಯಾರು? ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿ ಸಂಘಗಳಿಗೆ ನೇರ ಚುನಾವಣೆ ನಿಂತು ಮೂರು ದಶಕಗಳ ಮೇಲಾಯಿತು. ಕ್ಯಾಂಪಸ್ಸುಗಳಲ್ಲಿ ಹಿಂಸೆ ನಡೆಯುತ್ತಿತ್ತು ಎಂಬುದು ಅದಕ್ಕೆ ಕೊಟ್ಟ ಕಾರಣ, ಆ ಕಾರಣ ಕಟ್ಟುಕಥೆಯೂ ಅಲ್ಲ. ಆದರೆ ವಿದ್ಯಾರ್ಥಿ ಸಂಘಗಳ ಚುನಾವಣೆಯ ಬಗ್ಗೆ ಲಿಂಗ್ಡೋ ಸಮಿತಿ 2006ರಲ್ಲಿ ಕೊಟ್ಟ ಶಿಫಾರಸುಗಳು ಆ ಭಯಕ್ಕೆಂದೇ ರೂಪುಗೊಂಡವು. ಪ್ರತಿ ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿ ಮಿತಿ, 75 ಪ್ರತಿಶತ ಹಾಜರಾತಿಯ ಷರತ್ತು, ವಯಸ್ಸಿನ ಮಿತಿ, ಅಚ್ಚು ಹಾಕಿಸಿದ ಪೋಸ್ಟರುಗಳಿಗೆ ನಿಷೇಧ. ಸುಪ್ರೀಂ ಕೋರ್ಟು ಅವನ್ನು ಅದೇ ವರ್ಷ ಒಪ್ಪಿಕೊಂಡಿತು. ಹಾಗಿದ್ದೂ ಇಲ್ಲಿ ಪ್ರತಿನಿಧಿ ಎಂದರೆ ಮೇಲಿನವರು ನಾಮಕರಣ ಮಾಡಿದವರು. ಯುಜಿಸಿಯ ಕುಂದುಕೊರತೆ ಸಮಿತಿಯಲ್ಲಿಯೂ ವಿದ್ಯಾರ್ಥಿಯನ್ನು ಅಂಕ, ಕ್ರೀಡೆ, ಪಠ್ಯೇತರ ಸಾಧನೆ ನೋಡಿ ಸಂಸ್ಥೆಯೇ ಆರಿಸುತ್ತದೆ; ಸಹಪಾಠಿಗಳು ಆರಿಸುವುದಿಲ್ಲ.

ಇದರ ಬೆಲೆ ಏನು ಎಂಬುದಕ್ಕೆ ನನ್ನ ಊರಿನದೇ ಒಂದು ಘಟನೆ ಇದೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಸಾವಿರ ಎಕರೆಗೂ ಮಿಗಿಲಾದದ್ದು. ಮೈಸೂರು ರಸ್ತೆಯನ್ನೂ ನಾಗರಬಾವಿಯ ಕಡೆಯನ್ನೂ ಜೋಡಿಸುವ ರಸ್ತೆಗಳು ಅದರ ಒಳಗೇ ಹಾದುಹೋಗುವುದರಿಂದ ನಗರದ ವಾಹನಗಳು ತರಗತಿಗಳ ನಡುವೆಯೇ ಓಡುತ್ತವೆ. 2022ರ ಅಕ್ಟೋಬರ್‌ನಲ್ಲಿ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿನಿ ಆವರಣದೊಳಗೇ ಬಸ್ಸಿಗೆ ಸಿಲುಕಿದಳು, ಕೆಲವು ದಿನಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡಳು. ಹೊರಗಿನ ವಾಹನಗಳನ್ನು ಆವರಣದಲ್ಲಿ ಬಿಡಬಾರದೆಂದು ವಿದ್ಯಾರ್ಥಿಗಳು ರಸ್ತೆಯಲ್ಲಿ ಕುಳಿತರು. ವೇಗ ತಡೆ, ಭಾರಿ ವಾಹನ, ಸಂಚಾರ ಪೊಲೀಸರ ಪಾತ್ರ ಎಲ್ಲವೂ ಆ ದಿನಗಳಲ್ಲಿ ಚರ್ಚೆಗೆ ಬಂದವು. ಅಂಥ ಮಾತು ಅಷ್ಟು ದೊಡ್ಡ ದುಃಖವಿಲ್ಲದೆಯೇ ಮೇಜಿಗೆ ಬರುವಂತಿರಬೇಕು ಎಂಬುದಕ್ಕಾಗಿ ನಾನು ಪ್ರತಿನಿಧಿಯ ಬಗ್ಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಅಭಿಪ್ರಾಯ ಪತ್ರದಲ್ಲಿ ರಸ್ತೆಯ ಪ್ರಶ್ನೆಯೂ ಇರುವುದಿಲ್ಲ.

ಮೂಲ ಪ್ರಶ್ನೆ ಕೇಳಿದವರು ಧರಣಿಯ ಮಾತೆತ್ತಿಲ್ಲ, ಸರಿ. ಆದರೆ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದಲ್ಲಿ 2018ರಲ್ಲಿ ಹೆಣ್ಣುಮಕ್ಕಳ ನಿಲಯದ ರಾತ್ರಿಯ ಬಾಗಿಲ ಗಡುವು ತೆರವಾದದ್ದು ವಾರಗಟ್ಟಲೆ ನಡೆದ ಧರಣಿಯಿಂದ ಎಂಬುದನ್ನೂ ನೆನಪಿಡಬೇಕು. ಅದಕ್ಕೆ ಹಣ ಬೇಕಿರಲಿಲ್ಲ, ಟೆಂಡರ್ ಬೇಕಿರಲಿಲ್ಲ. ಅಲ್ಲಿ ಚುನಾಯಿತ ವಿದ್ಯಾರ್ಥಿ ಮಂಡಳಿ ಇತ್ತು.

ಉತ್ತರ 5: ಹಳೆಯ ವಿದ್ಯಾರ್ಥಿ, ಈಗ ಪ್ರೌಢಶಾಲಾ ಶಿಕ್ಷಕ

ಚುನಾವಣೆಯ ಬಗ್ಗೆ ನನಗೂ ಸಹಮತವಿದೆ, ಆದರೆ ಪ್ರಶ್ನೆ ಕೇಳಿದವರಿಗೆ ಇರುವುದು ಒಂದೇ ವರ್ಷ. ನಾವು ವಾಚನಾಲಯದ ವೇಳೆಯನ್ನು ಹೇಗೆ ಬದಲಾಯಿಸಿಕೊಂಡೆವು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ನಾವು ಆರು ಮಂದಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೆವು. ನಮ್ಮಲ್ಲಿಯೂ ಗ್ರಂಥಾಲಯ ಬೇಗ ಮುಚ್ಚುತ್ತಿತ್ತು. ಮೊದಲ ಸಲ ಕುಲಸಚಿವರನ್ನು ಕಂಡಾಗ ಅವರು ಕೇಳಿದ ಪ್ರಶ್ನೆ ಒಂದೇ: ‘ತೆರೆದಿಟ್ಟರೆ ಎಷ್ಟು ಮಂದಿ ಬರುತ್ತೀರಿ?’ ಬಹಳ ಮಂದಿ ಎಂದೆವು. ಅವರು ನಕ್ಕು ಕಳುಹಿಸಿದರು. ಆ ನಗು ನಮಗೆ ಅವಮಾನವೆನಿಸಿತ್ತು. ಈಗ ಯೋಚಿಸಿದರೆ ಅವರ ಪ್ರಶ್ನೆ ನ್ಯಾಯವಾದದ್ದೇ. ಹೊರಗೆ ಬಂದು ನಾವು ಒಂದು ನೋಟ್‌ಬುಕ್ ಕೊಂಡೆವು. ಮೂರು ವಾರ ಪ್ರತಿ ಸಂಜೆ ಗ್ರಂಥಾಲಯದ ಬಾಗಿಲು ಹಾಕುವ ಹೊತ್ತಿಗೆ ಒಳಗಿನಿಂದ ಎದ್ದು ಬರುವವರನ್ನು ನಿಲ್ಲಿಸಿ ಹೆಸರು, ವಿಭಾಗ, ಇನ್ನೂ ಎಷ್ಟು ಹೊತ್ತು ಕೂರುತ್ತಿದ್ದಿರಿ ಎಂಬುದನ್ನು ಬರೆಸಿಕೊಂಡು ಸಹಿ ಹಾಕಿಸಿದೆವು. ಹಾಗೆಯೇ ನಿಲಯಗಳಲ್ಲಿ ರಾತ್ರಿ ಊಟ ಎಷ್ಟು ಗಂಟೆಗೆ ಮುಗಿಯುತ್ತದೆ ಎಂಬುದನ್ನೂ ಬರೆದುಕೊಂಡೆವು, ಏಕೆಂದರೆ ಓದುತ್ತ ಕುಳಿತರೆ ಊಟ ತಪ್ಪುತ್ತದೆ ಎಂದು ಹಲವರು ಹೇಳಿದ್ದರು. ಅದು ನಮಗೆ ಮೊದಲು ಹೊಳೆದೇ ಇರಲಿಲ್ಲ.

ನೋಟ್‌ಬುಕ್ಕನ್ನು ಮೊದಲು ತೋರಿಸಿದ್ದು ಕುಲಸಚಿವರಿಗಲ್ಲ, ಗ್ರಂಥಪಾಲಕರಿಗೆ. ಅವರು ಮೊದಲು ಸಿಡುಕಿದರು. ತಮ್ಮ ಮೇಲೆ ದೂರು ತಂದಿದ್ದೇವೆ ಎಂದುಕೊಂಡಿದ್ದರು. ಸಿಬ್ಬಂದಿ ಬೇಕೆಂದು ತಾವೇ ಎರಡು ಸಲ ಬರೆದ ಪತ್ರಗಳ ಪ್ರತಿಗಳನ್ನು ಕೊನೆಗೆ ಅವರೇ ಕಪಾಟಿನಿಂದ ತೆಗೆದು ತೋರಿಸಿದರು. ನಮ್ಮ ಪಟ್ಟಿಯನ್ನೂ ಅವರ ಪತ್ರವನ್ನೂ ಒಟ್ಟಿಗೆ ಸೇರಿಸಿ ಕೊಟ್ಟಾಗ ಅದು ವಿದ್ಯಾರ್ಥಿಗಳ ಬೇಡಿಕೆಯಾಗಿ ಉಳಿಯಲಿಲ್ಲ, ಗ್ರಂಥಾಲಯದ ಪ್ರಸ್ತಾವವಾಯಿತು. ಎರಡು ತಿಂಗಳ ಪ್ರಾಯೋಗಿಕ ಅವಧಿಗೆಂದು ಕೆಳಗಿನ ವಾಚನಾಲಯವನ್ನು ರಾತ್ರಿ ಎಂಟೂವರೆಯವರೆಗೆ ತೆರೆದರು. ಆ ಎರಡು ತಿಂಗಳು ಕುರ್ಚಿಗಳು ಖಾಲಿ ಇರದಂತೆ ನೋಡಿಕೊಳ್ಳುವುದು ನಮ್ಮ ಹೊಣೆಯಾಗಿತ್ತು; ಜ್ವರ ಬಂದಾಗಲೂ ಹೋಗಿ ಕುಳಿತವರಿದ್ದಾರೆ. ಪ್ರಾಯೋಗಿಕ ಎಂಬ ಪದ ಕಡತದಿಂದ ಯಾವಾಗ ಬಿದ್ದುಹೋಯಿತೋ ಯಾರಿಗೂ ತಿಳಿಯಲಿಲ್ಲ. ಕಳೆದ ವರ್ಷ ಹೋಗಿದ್ದೆ, ದೀಪ ಉರಿಯುತ್ತಿತ್ತು.

ಹೆಣ್ಣುಮಕ್ಕಳ ನಿಲಯದ ಬಾಗಿಲ ವೇಳೆ ಮಾತ್ರ ನಮ್ಮ ಕಾಲದಲ್ಲಿ ಬದಲಾಗಲಿಲ್ಲ. ಅವರು ಏಳೂವರೆಗೇ ಎದ್ದು ಹೋಗಬೇಕಾಗುತ್ತಿತ್ತು. ವೇಳೆ ಕೇಳುವಾಗ ಅದನ್ನೂ ಜೊತೆಗೇ ಕೇಳಬೇಕೆಂದು ನಮ್ಮಲ್ಲಿ ಯಾರಿಗೂ ತೋಚದಿದ್ದುದಕ್ಕೆ ನನಗೆ ಇಂದಿಗೂ ಬೇಸರವಿದೆ. ನೀವು ಅದನ್ನು ಮರೆಯಬೇಡಿ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರ ಉತ್ತರಗಳನ್ನೂ ನಿಲಯದ ಗೆಳತಿಯರೊಂದಿಗೆ ಕುಳಿತು ಎರಡೆರಡು ಸಲ ಓದಿದೆ. ವಿವರಣಾ ಪುಸ್ತಿಕೆ ಸಿಕ್ಕಿತು. ಅದರಲ್ಲಿ ವಿದ್ಯಾರ್ಥಿನಿಲಯಕ್ಕೆ ದಿನದ ಇಪ್ಪತ್ತನಾಲ್ಕು ಗಂಟೆಯೂ ನೀರಿನ ಸೌಲಭ್ಯವಿದೆ ಎಂದು ಅಚ್ಚಾಗಿದೆ; ಗ್ರಂಥಾಲಯದ ವೇಳೆಯ ಬಗ್ಗೆ ಏನೂ ಇಲ್ಲ. ನಿಲಯ ವಿಶ್ವವಿದ್ಯಾಲಯದ್ದೇ ಎಂಬುದನ್ನೂ ಖಚಿತಪಡಿಸಿಕೊಂಡೆವು. ಜಾಲತಾಣದಲ್ಲಿ ಅಭಿಪ್ರಾಯಗಳ ವಿಶ್ಲೇಷಣೆ ಇದೆ, ಬಣ್ಣದ ನಕ್ಷೆಗಳೂ ಇವೆ. ಕೈಗೊಂಡ ಕ್ರಮದ ವರದಿ ಎಂಬ ಕೊಂಡಿಯನ್ನು ಒತ್ತಿದರೆ ಪುಟ ತೆರೆಯುವುದಿಲ್ಲ.

ಹೀಗಾಗಿ ನೀರಿನದನ್ನು ಕುಂದುಕೊರತೆ ಸಮಿತಿಗೆ ದೂರಾಗಿ, ಗ್ರಂಥಾಲಯದ್ದನ್ನು ಗ್ರಂಥಪಾಲಕರ ಮೂಲಕ ಮನವಿಯಾಗಿ, ಬಸ್ಸಿನದನ್ನು ಊರುವಾರು ಲೆಕ್ಕದೊಂದಿಗೆ ಕುಲಸಚಿವರ ಮೂಲಕ ಘಟಕಕ್ಕೆ ಎಂದು ಮೂರು ಬೇರೆ ಪತ್ರಗಳನ್ನು ಬರೆಯುತ್ತಿದ್ದೇವೆ. ನಿಲಯದ ಬಾಗಿಲ ವೇಳೆಯನ್ನು ಗ್ರಂಥಾಲಯದ ಪತ್ರದಲ್ಲಿಯೇ ಸೇರಿಸಿದ್ದೇವೆ, ಎರಡೂ ಒಂದೇ ವಿಷಯವೆಂದು ವಿವರಿಸಿ. ಇವತ್ತು ಬೆಳಿಗ್ಗೆಯಿಂದ ಒಂದು ನೋಟ್‌ಬುಕ್ ಆರಂಭವಾಗಿದೆ: ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಮೂರನೆಯ ಮಹಡಿಯಲ್ಲಿ ನಲ್ಲಿ ಒಣಗಿತ್ತು ಎಂಬುದಕ್ಕೆ.

ಒಂದು ಸಂದೇಹ. ಹಿಂದಿನ ಎರಡು ವರ್ಷಗಳ ಅಭಿಪ್ರಾಯ ಪತ್ರಗಳ ಮೇಲೆ ಏನು ಕ್ರಮವಾಯಿತು ಎಂಬುದನ್ನು ಮಾಹಿತಿ ಹಕ್ಕಿನಡಿ ಕೇಳಬಹುದೇ? ಕೇಳಿದರೆ ಅಧ್ಯಾಪಕರು ಬೇಸರಪಟ್ಟುಕೊಳ್ಳುತ್ತಾರೇನೋ ಎಂಬ ಅಳುಕು ನಮ್ಮಲ್ಲಿ ಕೆಲವರಿಗಿದೆ.

ಉತ್ತರ 6: ಕಚೇರಿ ಅಧೀಕ್ಷಕ

ಖಂಡಿತ ಕೇಳಬಹುದು. ಹತ್ತು ರೂಪಾಯಿ ಶುಲ್ಕ. ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದಗಳನ್ನು ಮೀರಬಾರದು. ಮೀರಿದರೆ ಅದನ್ನೇ ನೆಪ ಮಾಡಿ ಹಿಂದಿರುಗಿಸುತ್ತಾರೆ. ‘ಏಕೆ ಮಾಡಲಿಲ್ಲ’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ‘ಈ ಶೈಕ್ಷಣಿಕ ವರ್ಷದ ವಿದ್ಯಾರ್ಥಿ ಅಭಿಪ್ರಾಯಗಳ ಮೇಲೆ ಕೈಗೊಂಡ ಕ್ರಮದ ವರದಿ ಹಾಗೂ ಅದಕ್ಕೆ ಸಂಬಂಧಿಸಿದ ಸಭೆಯ ನಡವಳಿಯ ದೃಢೀಕೃತ ಪ್ರತಿ’ ಎಂದು ದಾಖಲೆಯ ಹೆಸರನ್ನೇ ಬರೆಯಿರಿ. ಆದರೆ ಮೂರು ಪತ್ರಗಳನ್ನು ಮೊದಲು ಕೊಟ್ಟು, ಒಂದು ತಿಂಗಳು ಕಾದು, ಆಮೇಲೆ ಇದನ್ನು ಹಾಕುವುದು ಒಳ್ಳೆಯದು.

ಉತ್ತರ 7: ನಿವೃತ್ತ ಅಧ್ಯಾಪಕ

ಅಳುಕು ಬೇಡ. ನಾನು ಸಂಚಾಲಕನಾಗಿದ್ದಾಗ ಅಂಥ ಒಂದು ಅರ್ಜಿಯಾದರೂ ಬಂದಿದ್ದರೆ, ಆ ಚಿಲಕ ಎರಡು ವರ್ಷ ಮೊದಲೇ ಬಾಗಿಲಿಗೆ ಕೂರುತ್ತಿತ್ತು. ಪತ್ರ ಕೊಡುವಾಗ ನಿಮ್ಮ ಪ್ರತಿಯ ಮೇಲೆ ಟಪಾಲು ಶಾಖೆಯ ಮುದ್ರೆ ಹಾಕಿಸಿಕೊಳ್ಳಿ. ನೀರಿನ ನೋಟ್‌ಬುಕ್ಕಿನಲ್ಲಿ ಪ್ರತಿ ದಿನ ಇಬ್ಬರ ಸಹಿ ಇರಲಿ. ಮೂರೂ ಪತ್ರಗಳಿಗೆ ಮೊದಲನೆಯ ಸೆಮಿಸ್ಟರಿನವರನ್ನೂ ಸೇರಿಸಿಕೊಂಡು ಸಹಿ ಹಾಕಿಸಿ, ನೋಟ್‌ಬುಕ್ಕನ್ನು ಹೊರಡುವ ಮುನ್ನ ಅವರ ಕೈಗೆ ಕೊಡಿ.